ಉಡಚವ್ವನ ಕೆಂಡ, ಮಂಜವ್ವನ ಉಗಿ

"ಆಚಿ ಮನ್ಯಾಗ ಒಗ್ಗರಣಿ ಚುಂಯ್ ಅಂದ್ರ ನಮ್ಮ ಉಡಚವ್ವನ ಎದಿ ಚುಂಯ್ ಅಂತೈತಿ ನೋಡ್ರಿ," ಅನ್ನುತ್ತಿದ್ದಳು ಎದುರುಮನೆಯ ಗೌಸಬಿ. ಕೇರಿಯ ಹೆಂಗಸರು ಹೊಸ ಕುಬಸ ತೊಟ್ಟು ನೀರಿಗೆ ಹೊರಟರೆ ಉಡಚವ್ವನ ಬಾಗಿಲು ದಾಟುವ ತನಕ ಸೆರಗು ಬಿಗಿಯಾಗಿ ಹೊದ್ದುಕೊಳ್ಳುತ್ತಿದ್ದರು. ಯಾರದಾದರೂ ಎಮ್ಮೆ ಹಾಲು ಬತ್ತಿಸಿಕೊಂಡರೆ ಮೊದಲ ಪ್ರಶ್ನೆ, "ನಿನ್ನಿ ಉಡಚವ್ವ ಈ ಕಡಿ ಬಂದಿದ್ಲೇನು?" ಎಂಬುದೇ. ಈ ಮಾತುಗಳೆಲ್ಲ ಉಡಚವ್ವನ ಕಿವಿಗೂ ಬೀಳುತ್ತಿದ್ದವು. ಆಕೆ ಸುಮ್ಮನಿರುವ ಪೈಕಿಯಲ್ಲ. "ನನ್ನ ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ರ ನಿಮ್ಮ ಎಮ್ಮಿ ಹಾಲು ಸೀದಾ ನನ್ನ ಗಡಿಗ್ಯಾಗ ಬೀಳ್ತಿತ್ತಲ್ಲ, ಬಾಡ್ಯಾರ!" ಎಂದು ಕಟ್ಟೆಯ ಮೇಲಿಂದಲೇ ಕೂಗುತ್ತಿದ್ದಳು.

ಕೇರಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಉಡಚವ್ವನಿಗೆ ಹೊಟ್ಟೆಕಿಚ್ಚು ಇತ್ತು. ಆದರೆ ಅದು ಎಮ್ಮೆ, ಕುಬಸಗಳ ಮೇಲಿನದಲ್ಲ. ಅದೆಲ್ಲ ಮೇಲಿನ ಹೊಗೆ. ಒಳಗಿನ ಬೆಂಕಿಗೆ ಒಂದೇ ಹೆಸರು: ಮಂಜವ್ವ, ಗಂಡನ ತಮ್ಮನ ಹೆಂಡತಿ, ಆಕೆಯ ನೆಗೆಣ್ಣಿ. ಆ ಬೆಂಕಿಗೆ ಕಾರಣ ಒಂದು ಬಿಲ್ಲು.

ಊರು ಆಡೂರಿನ ಆಸುಪಾಸಿನದು. ಹಾನಗಲ್ಲಿನ ರಸ್ತೆ ಬಿಟ್ಟು ಭತ್ತದ ಗದ್ದೆಯ ಬದು ಹಿಡಿದು ನಡೆದರೆ ಸಿಗುತ್ತದೆ. ಅಲ್ಲಿ ಬನ್ನಿ ಹಬ್ಬದ ದಿನ ಇಳಿಹೊತ್ತಿಗೆ ಬನ್ನಿಮರದ ಮುಂದೆ ಬಾಳೆಕಂಬ ನಿಲ್ಲಿಸುತ್ತಾರೆ. ಊರಗೌಡ ಕರಿಬಸಪ್ಪ ಅದಕ್ಕೆ ಅಂಬು ಹೊಡೆಯಬೇಕು. ಅಂಬು ಬಾಳೆಯಲ್ಲಿ ನಟ್ಟ ಮೇಲೆಯೇ ಊರು ಬನ್ನಿ ಮುಡಿಯುವುದು. ಆ ಬಿಲ್ಲು ಉಡಚವ್ವನ ಗಂಡ ಮಾರೆಪ್ಪನ ಮನೆಯಿಂದ ಬರಬೇಕು. ಮಾರೆಪ್ಪ ಅದನ್ನು ಹಾಸಿದ ಕಂಬಳಿಯ ಮೇಲಿಟ್ಟು ಹಿಂದೆ ಸರಿಯುವನು, ಗೌಡರು ಅಲ್ಲಿಂದ ಎತ್ತಿಕೊಳ್ಳುವರು. ಅಂಬು ನಟ್ಟರೆ ಬಿಲ್ಲಿನ ಮನೆಗೆ ತಲೆಗೆ ಸುತ್ತುವ ಒಂದು ಕೆಂಪು ಪಟಗ, ಒಂದು ತೆಂಗಿನಕಾಯಿ. ವರ್ಷವೂ ಹೊಸ ಬಿಲ್ಲೇ ಆಗಬೇಕು. ಹಳೆಯದು ಮನೆಗೆ ಮರಳಿ ಬಂದು ತೊಲೆಗೆ ತೂಗಿಕೊಂಡಿದ್ದು, ಮುಂದಿನ ಬಿಲ್ಲು ಕಾಯಿಸುವಾಗ ಒಲೆಗೆ ಬೀಳುತ್ತಿತ್ತು. ಹೋದ ವರ್ಷದ ಬಿಲ್ಲಿನ ಬೆಂಕಿ ತಾಗದೆ ಈ ವರ್ಷದ್ದು ಬಿಲ್ಲಾಗುವುದಿಲ್ಲ ಎಂಬುದು ಆ ಮನೆಯ ನೇಮ.

ಊರೆಲ್ಲ ಅದನ್ನು 'ಮಾರೆಪ್ಪನ ಬಿಲ್ಲು' ಅನ್ನುತ್ತಿತ್ತು. ಅಲ್ಲಿಂದಲೇ ಉಡಚವ್ವನ ಸಂಕಟ ಸುರು.

ಯಾಕೆಂದರೆ ಮಾರೆಪ್ಪ ಮಾಡುತ್ತಿದ್ದದ್ದು ಅರ್ಧ ಕೆಲಸ. ಅಡವಿಯ ಅಂಚಿನಿಂದ ತಡಸಲ ಕಟ್ಟಿಗೆ ತಂದು, ನೆರಳಲ್ಲಿ ಒಣಗಿಸಿ, ಬಾಚಿಯಿಂದ ಕೆತ್ತಿ ನುಣುಪು ಮಾಡಿ ಕೊಡುತ್ತಿದ್ದ. ಅಲ್ಲಿಗೆ ಅದು ಒಂದು ಚೆಂದದ ಬಡಿಗೆ, ಅಷ್ಟೆ. ಬಡಿಗೆ ಬಿಲ್ಲಾಗುತ್ತಿದ್ದದ್ದು ಒಲೆಯ ಮುಂದೆ, ಉಡಚವ್ವನ ಕೈಯಲ್ಲಿ. ಹತ್ತಿಮತ್ತೂರಿನಿಂದ ಸೊಸೆಯಾಗಿ ಬಂದವಳು ಅತ್ತೆಯ ಮಗ್ಗುಲಲ್ಲಿ ಕೂತು ಕಲಿತ ವಿದ್ಯೆ ಅದು. ಕಟ್ಟಿಗೆಗೆ ಹರಳೆಣ್ಣೆ ಸವರಬೇಕು. ಕುಳ್ಳಿನ ಕೆಂಡದ ಮೇಲೆ ಮುಟ್ಟಿಸದೆ ಹಿಡಿಯಬೇಕು, ರೊಟ್ಟಿ ತಿರುವಿದಂತೆ ತಿರುವುತ್ತಿರಬೇಕು. ಒಳಗಿನ ಎಳೆಗಳು ಮೆತ್ತಗಾದವೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಉಡಚವ್ವ ಅದನ್ನು ಕೆನ್ನೆಯಿಂದ ನೋಡುತ್ತಿದ್ದಳು. ಕಾದ ಕಟ್ಟಿಗೆಯನ್ನು ಬಲಗೆನ್ನೆಯ ಹತ್ತಿರ ತಂದು ಕಣ್ಣು ಮುಚ್ಚುವಳು. "ಇನ್ನೂ ಹಸೀ ಐತಿ," ಅನ್ನುವಳು, ಮತ್ತೆ ಕೆಂಡಕ್ಕೆ ಹಿಡಿಯುವಳು. "ಹಾಂ, ಈಗ ಮಾತ ಕೇಳ್ತೈತಿ," ಅಂದಳೆಂದರೆ ಮೊಣಕಾಲಿಗೆ ಒತ್ತಿ ಬಾಗಿಸುವಳು. ವರ್ಷಾನುಗಟ್ಟಲೆ ಹೀಗೆ ಮಾಡಿ ಬಲಗೆನ್ನೆಯ ಮೇಲೆ ರೊಟ್ಟಿಯ ಚುಕ್ಕೆಯಂಥ ಕಂದು ಕಲೆ ಕೂತುಬಿಟ್ಟಿತ್ತು. ನಡು ಬಾಗಿಸುವುದು ಸಲೀಸು. ತುದಿಗಳೇ ಕಷ್ಟ. ಎರಡೂ ತುದಿ ಹೊರಕ್ಕೆ ಮೀಸೆಯಂತೆ ಏಳಬೇಕು. ಗೌಡರ ಮೀಸೆಗಿಂತ ಬಿಲ್ಲಿನ ಮೀಸೆ ಒಂದು ತೂಕ ಹೆಚ್ಚಿರಬೇಕು ಎಂದು ಕೇರಿಯಲ್ಲಿ ನಗುತ್ತಿದ್ದರು. ತುದಿ ಬಾಗಿಸುವಾಗ ಎಷ್ಟೋ ಕಟ್ಟಿಗೆ ಚಟ್ ಎಂದು ಸೀಳಿ ಹೋಗುತ್ತಿದ್ದವು. ಒಂದು ಒಳ್ಳೆಯ ಬಿಲ್ಲಿಗೆ ಎರಡೋ ಮೂರೋ ಬಲಿ.

ಅಷ್ಟೆಲ್ಲ ಆದಮೇಲೆ ಪಟಗ ಮಾರೆಪ್ಪನ ತಲೆಗೆ. ಒಮ್ಮೆ ಬೆಂಕಿ ಕೇಳಲು ಬಂದ ಗೌಸಬಿ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಉಡಚವ್ವ ಗಂಡನ ಕೆಂಪು ಪಟಗ ತನ್ನ ತಲೆಗೆ ಸುತ್ತಿಕೊಂಡು ನೀರಿನ ಹಂಡೆಯಲ್ಲಿ ಬಗ್ಗಿ ಮುಖ ನೋಡಿಕೊಳ್ಳುತ್ತಿದ್ದಳು.

"ಏನ್ ಗೌಡ್ರ, ಬೆಂಕಿ ಐತೇನ್ರಿ?" ಅಂದಳು ಗೌಸಬಿ.

"ಐತಿ. ನಿನ್ನ ಬಾಯಿಗೆ ಹಾಕ್ಲೇನು?"

ಗೌಸಬಿ ಅದನ್ನು ಊರಿಗೆಲ್ಲ ಹೇಳಿ ನಗಿಸಿದಳು. ಉಡಚವ್ವನ ಮುಖದಲ್ಲಿ ಮಾತ್ರ ನಗು ಇರಲಿಲ್ಲ. ತನ್ನ ಬಾಗು ತನ್ನದು ಅಂತ ಒಬ್ಬರ ಬಾಯಲ್ಲಾದರೂ ಬರಲಿ ಎಂಬುದು ಆಕೆಯ ಒಳಗೆ ಕಚ್ಚಿಕೊಂಡು ಕೂತಿತ್ತು.

ಎಪ್ಪತ್ತೆರಡರ ಬರ ಕಳೆದ ಮರುವರ್ಷ ಮೈದುನ ಚೌಡಪ್ಪನಿಗೆ ಹಿರೇಕೆರೂರು ಕಡೆಯಿಂದ ಹೆಣ್ಣು ತಂದರು. ಅವಳೇ ಮಂಜವ್ವ. ಅವಳಪ್ಪ ಸವಾರಿ ಬಂಡಿಗಳಿಗೆ ಮೇಲಿನ ಕಮಾನು ಬಾಗಿಸುವವನು. ಹುಡುಗಿಗೆ ಮೊಣಕಾಲು ಮುಟ್ಟುವ ಜಡೆ, ಸಣ್ಣ ದನಿ. ಕಡುಬು ಮಾಡಿದರೆ ಕೇರಿಯೆಲ್ಲ ಮೂಗು ಅರಳಿಸುತ್ತಿತ್ತು. ಬಂದ ಮೊದಲ ತಿಂಗಳಲ್ಲೇ ಮಾರೆಪ್ಪ ಎರಡು ಸಲ ಕೇಳಿ ಕಡುಬು ಹಾಕಿಸಿಕೊಂಡ. ಉಡಚವ್ವ ತನ್ನ ರೊಟ್ಟಿಯನ್ನು ತಾನೇ ತಿಂದಳು.

ಆ ವರ್ಷದ ಬಿಲ್ಲಿನ ಹೊತ್ತಿಗೆ ಉಡಚವ್ವನ ಕೈ ಕೆಟ್ಟಿತ್ತು. ಒಂದು ಕಟ್ಟಿಗೆ ಸೀಳಿತು, ಇನ್ನೊಂದೂ ಸೀಳಿತು. ಉಳಿದದ್ದು ಒಂದೇ. ಬಾಗಿಲ ಮರೆಯಲ್ಲಿ ನಿಂತಿದ್ದ ಮಂಜವ್ವ ಮೆಲ್ಲಗೆ ಅಂದಳು, "ಅಕ್ಕಾ, ತುದಿ ಒಂದೀಟು ಉಗಿಯಾಗ ಇಟ್ಟು ನೋಡೂಣೇನು? ನಮ್ಮಪ್ಪ ಕಮಾನಿಗೆ ಹಂಗ ಮಾಡ್ತಾನ."

"ಅದೇನ್ ಕಡುಬೇನ?" ಅಂದಳು ಉಡಚವ್ವ.

ಮಾರೆಪ್ಪ, "ಇಡ್ಲಿ ಬಿಡ, ಹೆಂಗೂ ಇದೂ ಸೀಳೂದ ಐತಿ," ಅಂದುಬಿಟ್ಟ.

ಮಂಜವ್ವ ಕಡುಬಿನ ಗಡಿಗೆಗೆ ನೀರು ಹಾಕಿ, ಒಳಗೆ ಹುಲ್ಲು ತುರುಕಿ, ಕುದಿ ಹತ್ತಿಸಿದಳು. ಬಿಲ್ಲಿನ ತುದಿ ಒಳಗಿಟ್ಟು ಬಾಯಿಗೆ ಒದ್ದೆ ಗೋಣಿತಟ್ಟು ಸುತ್ತಿ, ಸಂದಿಗೆ ಹಿಟ್ಟು ಮೆತ್ತಿದಳು. ಉಗಿ ಹೊರಗೆ ಬರಲು ದಾರಿ ಕಾಣದೆ ಗುಸುಗುಸು ಅನ್ನತೊಡಗಿತು. ಒಂದು ಅಡಿಗೆ ಬೇಯುವಷ್ಟು ಹೊತ್ತಾದ ಮೇಲೆ ತೆಗೆದು, ಸೆರಗಿನಿಂದ ಹಿಡಿದು, ಒಳಕಲ್ಲಿನ ದುಂಡು ಹೊಟ್ಟೆಗೆ ಒತ್ತಿ ಬಾಗಿಸಿದಳು. ತಡಸಲು ಚಟ್ ಅನ್ನಲಿಲ್ಲ. ನೆನೆದ ಪುಂಡಿ ನಾರಿನಂತೆ ಕಲ್ಲಿಗೆ ಅಂಟಿಕೊಂಡು ಹೊರಳಿತು. ಬಿಗಿದು ಕಟ್ಟಿ, ಆರಿದ ಮೇಲೆ ಬಿಚ್ಚಿದರೆ ತುದಿ ಹಾವಿನ ಹೆಡೆಯಂತೆ ಎದ್ದು ನಿಂತಿತ್ತು.

ಮಾರೆಪ್ಪ ಅದರ ಮೇಲೆ ಬೆರಳಾಡಿಸಿದ. ಅವನು ಮಾತು ಕಡಿಮೆಯ ಮನುಷ್ಯ. ಆದರೆ ಅವತ್ತು ಆಡಿದ. "ನಮ್ಮ ಮನ್ಯಾಗ ಇಂಥಾ ಕೈ ಇದ್ದಿದ್ದಿಲ್ಲ ಬಿಡು."

ಅಷ್ಟು ವರ್ಷ ಕೆನ್ನೆ ಸುಟ್ಟುಕೊಂಡವಳು ಅಲ್ಲೇ ಕೂತಿದ್ದಳು. ಬಿಲ್ಲು ಎಳೆದುಕೊಂಡು, "ಉಗಿ ಹಿಡದದ್ದು ಹಸೀ ಇರ್ತೈತಿ, ಒಂದೀಟು ಕಾಯಸ್ತೇನಿ," ಎಂದು ಎಣ್ಣೆ ಸವರಿ ಕೆಂಡದ ಮೇಲೆ ಹಿಡಿದಳು, ಕೆನ್ನೆಗೆ ತಂದು ನೋಡಿದಳು. ಅದು ರೂಢಿಯ ಕೆಲಸವಾಗಿತ್ತು. ಅದರಲ್ಲಿ ಏನೋ ಐತಿ ಎಂದು ಯಾರೂ ಎಣಿಸಲಿಲ್ಲ, ಆಕೆಯೂ ಎಣಿಸಲಿಲ್ಲ. ಬಿಲ್ಲು ಚೆನ್ನಾಗಿ ಹೊಡೆಯಿತು. ಊರು ಅಂದದ್ದು, "ಹಿರೇಕೆರೂರ ಸೊಸಿ ಬಂದಳು, ಬಿಲ್ಲಿಗೆ ಕಳಿ ಬಂತು."

ಅಲ್ಲಿಂದ ಆ ಮನೆಯಲ್ಲಿ ಉಪ್ಪು ಹೆಚ್ಚಾದದ್ದಕ್ಕೂ ಜಗಳ, ಕಡಿಮೆಯಾದದ್ದಕ್ಕೂ ಜಗಳ. ಕಡೆಗೆ ಅಣ್ಣತಮ್ಮಂದಿರು ಬೇರೆಯಾದರು. ಕೊಡ, ಉಣ್ಣುವ ತಾಬಾಣ ಹಂಚಿಕೊಂಡರು. ತೊಲೆಗಿದ್ದ ಹಳೆಯ ಬಿಲ್ಲನ್ನು ಗರಗಸ ಹಾಕಿ ಎರಡು ತುಂಡು ಮಾಡಿ ಒಂದೊಂದು ಒಲೆಗೆ ಒಂದೊಂದು ಕೊಟ್ಟರು. ಮನೆಯ ನಡುವೆ ಅಡ್ಡಗೋಡೆ ಎದ್ದಿತು. ಬಾಗಿಲು ಎರಡಾದವು. ಗೋಡೆ ಮಾತ್ರ ತೊಲೆಯ ತನಕ ಎದ್ದು ನಿಂತಿತು, ಮಾಳಿಗೆ ಮುಟ್ಟಲಿಲ್ಲ. ಹಾಗಾಗಿ ಆಚೆಯ ಹೊಗೆ ಈಚೆಗೆ, ಈಚೆಯ ಬೈಗುಳ ಆಚೆಗೆ ಸಲೀಸಾಗಿ ಹೋಗಿಬರುತ್ತಿದ್ದವು.

ಬೇರೆಯಾದ ದಿನ ಉಡಚವ್ವ ಒಲೆಗುಂಡಿನ ಮೇಲೆ ಕೈಯಿಟ್ಟು ಆಣೆ ಮಾಡಿದಳು. "ಇನ್ನು ನಾ ಆಕಿ ಹೊಸ್ತಿಲ ತುಳಿಯಂಗಿಲ್ಲ. ಆಕಿ ಬಾಗಿಸಿದ ಬಿಲ್ಲ ಮುಟ್ಟಂಗಿಲ್ಲ. ಈ ಬೆಂಕಿ ಸಾಕ್ಷಿ."

ಗೋಡೆಯ ಆಚೆಯಿಂದ ಮಂಜವ್ವನ ಸಣ್ಣ ದನಿ ಬಂತು. "ಯಾರು ಕರದಾರಂತ?"

ಬನ್ನಿ ಹಬ್ಬ ಬಂತು. ಎರಡು ಒಲೆಗೆ ಎರಡು ಬಿಲ್ಲು. ಗೌಡ ಕರಿಬಸಪ್ಪ, "ಎರಡೂ ತರ್ರಿ, ನನ್ನ ಕೈಗೆ ಯಾವುದು ಒಪ್ತೈತೋ ಅದು," ಅಂದ. ಕಂಬಳಿಯ ಮೇಲೆ ಎರಡನ್ನೂ ಇಟ್ಟರು. ಉಡಚವ್ವನ ಬಿಲ್ಲಿನ ಮೀಸೆ ಸಣ್ಣದು. ಮಂಜವ್ವನದು ಉಗಿಯಿಂದ ಎದ್ದು ಎರಡು ದಿನವೂ ಆಗಿರಲಿಲ್ಲ, ನವಿಲಿನಂತೆ ಕತ್ತು ಎತ್ತಿತ್ತು. ಗೌಡರ ಕೈ ಅದರ ಕಡೆಗೇ ಹೋಯಿತು. ಪಟಗ ಚೌಡಪ್ಪನ ತಲೆಗೇರಿತು.

ಮಾರೆಪ್ಪನಿಗೆ ಬೇಸರವಿಲ್ಲ. "ಛಲೋ ಇದ್ದದ್ದು ಛಲೋನ," ಅಂದ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತೋ ಏನೋ. ತಮ್ಮನಿಗೆ ಬಾಚಿ ಹಿಡಿಯಲು ಬರುವುದಿಲ್ಲವೆಂದು ಮರುವರ್ಷದಿಂದ ಕಟ್ಟಿಗೆ ಕೆತ್ತಿ ಅವನೇ ಮಂಜವ್ವನ ಬಾಗಿಲಿಗೆ ಒಯ್ದು ಕೊಡತೊಡಗಿದ. ಈ ಒಲೆಯ ಮುಂದೆ ಕೂತು ಕೆತ್ತಿದ ಕಟ್ಟಿಗೆ ಆ ಒಲೆಗೆ!

"ನನಗೊಂದು ಕೆತ್ತಿ ಕೊಡಾಕ ಏನಾಗೇತ್ರಿ ನಿಮಗ?" ಕೇಳಿದಳು ಉಡಚವ್ವ.

"ಗೌಡ್ರು ಒಂದ ಬಿಲ್ಲು ಸಾಕಂದಾರ. ಇನ್ನೊಂದು ಯಾಕ, ಬಟ್ಟಿ ಒಣಹಾಕಾಕೇನು?"

ಆಕೆ ಆ ದಿನ ಅಡಿಗೆ ಮಾಡಲಿಲ್ಲ.

ಆ ವರ್ಷ ಮಂಜವ್ವ ಬಸುರಿ. ಬಾಣಂತನಕ್ಕೆ ಹಿರೇಕೆರೂರಿಗೆ ಹೋಗುವ ಮೊದಲೇ ಬಿಲ್ಲು ಬಾಗಿಸಿ, ಹೊಗೆಗೆ ಆರಲೆಂದು ಅಡ್ಡಗೋಡೆಯ ಮೇಲಿನ ತೊಲೆಗೆ ತೂಗುಹಾಕಿ ಹೋದಳು. ಬನ್ನಿ ಹಬ್ಬ ಇನ್ನೂ ದೂರ ಇತ್ತು. ಗೋಡೆ ಇಬ್ಬರದೂ, ತೊಲೆ ಇಬ್ಬರದೂ. ಉಡಚವ್ವ ರೊಟ್ಟಿ ಬಡಿಯಲು ಕೂತರೆ ಬಿಲ್ಲು ನೆತ್ತಿಯ ಮೇಲೆ. ನೋಡಬಾರದೆಂದು ತಲೆ ಬಗ್ಗಿಸಿದರೂ ಅದರ ನೆರಳು ಕೊಣಬಿಗೆಯಲ್ಲಿ ನಾದಿದ ಹಿಟ್ಟಿನ ಮೇಲೆ ಬೀಳುತ್ತಿತ್ತು.

ಹಾಗೆ ನೋಡನೋಡುತ್ತಲೇ ಒಂದು ದಿನ ಆಕೆಗೆ ಸಂಶಯ ಬಂತು. ಏಣಿ ಹಾಕಿ ಹತ್ತಿ ಗೇಣು ಹಾಕಿ ನೋಡಿದಳು. ಮೀಸೆ ಇಳಿದಿತ್ತು! ಉಗಿಯಲ್ಲಿ ಬಾಗಿದ ಕಟ್ಟಿಗೆ ತನ್ನ ಹಳೆಯ ನೆಟ್ಟನೆಯ ಬುದ್ಧಿ ನೆನೆಸಿಕೊಂಡು ಮೆಲ್ಲಗೆ ಹಿಂದಕ್ಕೆ ಹೊರಟಿತ್ತು. ಉಡಚವ್ವನಿಗೆ ಆಗ ತಿಳಿಯಿತು, ಆ ಮೊದಲ ವರ್ಷದ ಬಿಲ್ಲು ಯಾಕೆ ನಿಂತಿತ್ತು ಎಂಬುದು. ಸಿಟ್ಟಿನಲ್ಲಿ ತಾನು ಕೆಂಡಕ್ಕೆ ಹಿಡಿದಿದ್ದಳಲ್ಲ! ಉಗಿ ಬಾಗಿಸುತ್ತದೆ, ಕೆಂಡ ನಿಲ್ಲಿಸುತ್ತದೆ. ಇದು ಆಚೆಮನೆಯ ಮಹಾರಾಣಿಗೆ ಗೊತ್ತಿಲ್ಲ.

ಆ ದಿನಗಳಲ್ಲಿ ಉಡಚವ್ವ ಎಷ್ಟು ಖುಷಿಯಲ್ಲಿದ್ದಳೆಂದರೆ ಗೌಸಬಿಯನ್ನು ಕರೆದು ಮಜ್ಜಿಗೆ ಕೊಟ್ಟಳು. ದಿನಾ ಏಣಿ ಹತ್ತುವಳು, "ಇಳೀತು, ಇಳೀತು," ಎಂದು ತನಗೇ ಹೇಳಿಕೊಂಡು ಇಳಿಯುವಳು. ಬನ್ನಿಮರದ ಮುಂದೆ ಗೌಡರು ಹೆದೆ ಏರಿಸಲು ಹೋಗಿ, ಹೆದೆ ಸಡಿಲಾಗಿ, ಅಂಬು ಗೌಡರ ಕಾಲಬುಡದಲ್ಲೇ ಸತ್ತು ಬೀಳುವುದನ್ನು ಕಣ್ಣು ಮುಚ್ಚಿ ನೋಡುವಳು.

ಆ ಖುಷಿ ಕೆಡಿಸಿದವಳು ಗೌಸಬಿಯೇ. ಬಾವಿಯ ಹತ್ತಿರ ಯಾರೋ ಮಂಜವ್ವನ ಸುದ್ದಿ ತೆಗೆದರು. ಗೌಸಬಿ ನಿಟ್ಟುಸಿರು ಬಿಟ್ಟು, "ಪಾಪ, ದಿನತುಂಬಿದ ಹೆಣ್ಮಗಳು ಬಿಲ್ಲು ಮಾಡಿಟ್ಟು ಹೋಗ್ಯಾಳ. ಹೆಚ್ಚುಕಮ್ಮಿ ಆದ್ರೂ ಯಾರೂ ಏನೂ ಅನ್ನಬಾರದವ್ವಾ," ಅಂದಳು. ಎಲ್ಲರೂ ಲೊಚ್ ಲೊಚ್ ಅಂದರು.

ಉಡಚವ್ವನ ಕೊಡ ಬಾವಿಕಟ್ಟೆಯ ಮೇಲೇ ಉಳಿಯಿತು. ಅಂದರೆ ಬಿಲ್ಲು ಕೆಟ್ಟರೂ ಮಂಜವ್ವನಿಗೆ 'ಪಾಪ' ಎಂಬ ಮಾತು ಸಿಗುತ್ತದೆ. ಹೊಗಳಿಕೆಯನ್ನಂತೂ ಬಳಕೊಂಡು ಹೋದಳು, ಇನ್ನು ಊರಿನ ಮರುಕವನ್ನೂ ಒಯ್ಯುವಳೇನು? ತನಗೆ ಈ ಜನ್ಮದಲ್ಲಿ ಯಾರಾದರೂ 'ಪಾಪ' ಅಂದದ್ದುಂಟೇ? "ಅದು ಸೈತ ಆಕೀಗೆ ಸಿಗಬಾರದು," ಎಂದು ಹಲ್ಲು ಕಡಿದಳು.

ನಡುಮಧ್ಯಾಹ್ನ. ಕೇರಿಯೆಲ್ಲ ಗದ್ದೆಯ ಕಳೆಗೆ ಹೋಗಿತ್ತು. ಉಡಚವ್ವ ಏಣಿ ಹಾಕಿ ಬಿಲ್ಲು ಇಳಿಸಿದಳು. ಆಣೆ ನೆನಪಾಯಿತು. "ಬಿಲ್ಲ ಮುಟ್ಟಂಗಿಲ್ಲ ಅಂದೇನಿ, ಸೆರಗ ಮುಟ್ಟಿದ್ರ ಏನಾತು?" ಎಂದು ಸೆರಗು ಸುತ್ತಿ ಹಿಡಿದಳು. ಗರಗಸದ ಪಾಲಿನಲ್ಲಿ ಬಂದಿದ್ದ ಹಳೆಯ ಬಿಲ್ಲಿನಲ್ಲಿ ಒಂದು ಮೊಳಕೈಯಷ್ಟು ತುಂಡು ಉಳಿಸಿಕೊಂಡಿದ್ದಳು. ಅದನ್ನೇ ಕುಳ್ಳಿನ ಮೇಲಿಟ್ಟು ಕೆಂಡ ಮಾಡಿದಳು. ಇಳಿದ ತುದಿಗಳನ್ನು ಮತ್ತೆ ಕಾಯಿಸಿ ಎತ್ತಿ ಕಟ್ಟಿ, ಎಣ್ಣೆ ಸವರಿ, ತಿರುವಿ ತಿರುವಿ ಕಾಯಿಸಿದಳು, ಕೆನ್ನೆಗೆ ತಂದಳು. ಕಟ್ಟಿಗೆ ಮಾತು ಕೇಳಿತು. ಆ ಬಾಗು ಇನ್ನು ಜಪ್ಪಯ್ಯ ಅಂದರೂ ಇಳಿಯುವಂತಿರಲಿಲ್ಲ. ಸೆರಗು ಯಾವಾಗಲೋ ಕೈಯಿಂದ ಜಾರಿತ್ತು.

ಆ ಬನ್ನಿ ಹಬ್ಬದಲ್ಲಿ ಅಂಬು ಬಾಳೆಕಂಬ ತೂರಿ ಆಚೆ ಹಾರಿ ಬಿತ್ತು. ಅಂಥದ್ದನ್ನು ಮುದುಕರೂ ಕಂಡಿರಲಿಲ್ಲ. ಮಾರೆಪ್ಪ ಮನೆಗೆ ಬಂದವನೇ ಹೆಂಡತಿಯ ಮುಂದೆ ಕೂತು ಹೇಳಿದ, "ಮಂಜವ್ವನ ಬಾಗು ನೋಡಿದೇನು? ತಿಂಗಳಾನಗಟ್ಲೆ ತೂಗಿದ್ರೂ ಹೆಂಗ ನಿಂತೈತಿ! ನೋಡಿ ಕಲಿ ಒಂದೀಟು."

ಉಡಚವ್ವ ಆಗ ರೊಟ್ಟಿ ಬಡಿಯುತ್ತಿದ್ದಳು. ಆಮೇಲೆ ಆಕೆ ಬಡಿದ ಸಪ್ಪಳ ಎದುರುಮನೆಗೆ ಕೇಳಿಸಿ ಗೌಸಬಿ, "ಯಾರನ್ನ ಬಡ್ಯಾಕತ್ತೀ?" ಎಂದು ಓಡಿಬಂದಳಂತೆ. ಹೇಳೋಣವೆಂದರೆ ಆಣೆ ಮುರಿದದ್ದು ಹೊರಬೀಳುತ್ತದೆ. ಅದಕ್ಕೂ ಮಿಗಿಲಾಗಿ, ನೆಗೆಣ್ಣಿಯ ಬಿಲ್ಲಿಗೆ ಸೇವೆ ಮಾಡಿದಳು ಎನ್ನುತ್ತಾರೆ. ತನ್ನ ಕೈಯ ಹೊಗಳಿಕೆಯನ್ನು ಇನ್ನೊಬ್ಬಳ ಹೆಸರಿನಲ್ಲಿ ಕೇಳಿ ನುಂಗಬೇಕಾಯಿತು.

ಮಂಜವ್ವ ಕೂಸು ಎತ್ತಿಕೊಂಡು ಮರಳಿ ಬಂದಳು. ತೊಲೆಗೆ ಮರಳಿದ ಬಿಲ್ಲನ್ನು ಇಳಿಸಿ ನೋಡಿದಳು. ಹರಳೆಣ್ಣೆಯ ವಾಸನೆ. ತುದಿಗಳಲ್ಲಿ ಕರಿದ ಬಾಳಕ ಮೆಣಸಿನಕಾಯಿಯ ಕಂದು ಬಣ್ಣ. ಅವಳು ದಡ್ಡಿಯಲ್ಲ. ಗೋಡೆಯ ಕಡೆ ನೋಡಿದಳು. ಆವತ್ತಿನಿಂದ ಬಾವಿಯಲ್ಲಿ ಯಾರಾದರೂ ಅವಳ ಬಿಲ್ಲು ಹೊಗಳಿದರೆ ಮುಖ ಗಂಟಿಕ್ಕಿ, "ಸಾಕು ಬಿಡ್ರಿ ಆ ಮಾತ," ಎಂದು ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ಹೊಗಳಿಕೆಯಲ್ಲಿ ಅರ್ಧ ಇನ್ನೊಬ್ಬಳದೆಂದು ಗೊತ್ತಾದ ಮೇಲೆ ಅವಳ ಗಂಟಲಲ್ಲೂ ಅದು ಇಳಿಯದಾಯಿತು. ಹೊಟ್ಟೆಕಿಚ್ಚು ಅಡ್ಡಗೋಡೆಯ ಎರಡೂ ಕಡೆ ಸಮನಾಗಿ ಉರಿಯತೊಡಗಿತು.

ಮುಂದಿನ ವರ್ಷ ಮಂಜವ್ವ ಬಿಲ್ಲು ಬಾಗಿಸಿ ತೊಲೆಗೆ ತೂಗಿದಳು. ಈ ಸಲ ಸ್ವಲ್ಪ ಈಚೆಯ ಕಡೆಗೆ. ಗೋಡೆಯ ನೆತ್ತಿಯ ಮೇಲೆ ಹಳೆಯ ಬಿಲ್ಲಿನ ಒಂದು ತುಂಡನ್ನೂ ಇಟ್ಟಳು.

ಅದನ್ನು ನೋಡಿ ಉಡಚವ್ವನಿಗೆ ಮೈಯೆಲ್ಲ ಉರಿಯಿತು. "ನಾ ಏನು ಇವಳ ಮನೀ ಆಳೇನು?" ಎಂದು ತುಂಡನ್ನು ಎತ್ತಿ ಆಚೆಗೆ ಒಗೆದಳು. ಆಚೆ ಬೇಳೆಯ ಗಡಿಗೆಯಲ್ಲಿ ದುಡುಂ ಎಂದಿತು.

"ಏನದು?" ಚೌಡಪ್ಪನ ದನಿ.

"ಬೆಕ್ಕು," ಅಂದಳು ಮಂಜವ್ವ. "ದೊಡ್ಡ ಬೆಕ್ಕು. ಮುದಿಬೆಕ್ಕು."

ಮರುದಿನ ತುಂಡು ಮತ್ತೆ ಗೋಡೆಯ ಮೇಲೆ, ಬೇಳೆ ಮೆತ್ತಿಕೊಂಡು. ಉಡಚವ್ವ ನಾಲ್ಕು ದಿನ ಅದನ್ನು ಕಣ್ಣೆತ್ತಿ ನೋಡಲಿಲ್ಲ. ಮೀಸೆ ಇಳಿಯುತ್ತಿತ್ತು. ಬಿಟ್ಟುಬಿಡಬೇಕೆಂದು ಮಾಡಿದಳು. ಆದರೆ ಮೈಗಳ್ಳನಂತೆ ಸೊರಗಿದ ಆ ತುದಿಗಳನ್ನು ನೋಡಿ ಕೈ ತುರಿಸುತ್ತಿತ್ತು. ತನ್ನ ಬಾಗು ಕಂಡ ಗೌಡರ ಕೈಗೆ ಈ ಸೊರಗಿದ್ದನ್ನು ಕೊಡುವುದೆಂದರೆ ಅದೂ ತನಗೇ ಅವಮಾನ ಅನಿಸಿತು. ಕಡೆಗೆ ಏಣಿ ಹಾಕಿದಳು.

ಹೀಗೆ ವರ್ಷಗಳು ನಡೆದವು. ತೊಲೆಗೆ ಬಿಲ್ಲು, ಗೋಡೆಯ ಮೇಲೆ ತುಂಡು, ಮಧ್ಯಾಹ್ನದ ಕೆಂಡ. ಒಬ್ಬರಿಗೊಬ್ಬರು ಆ ಮಾತು ಆಡಲಿಲ್ಲ. ಹೊರಗೆ ಕೋಳಿಗೆ, ಕಸಕ್ಕೆ, ಬಚ್ಚಲ ನೀರಿಗೆ ಜುಟ್ಟು ಹಿಡಿಯುವಂಥ ಜಗಳ. ಪಟಗ ಮಾತ್ರ ವರ್ಷವೂ ಚೌಡಪ್ಪನ ತಲೆಗೆ. ಮಾರೆಪ್ಪನ ಹಳೆಯ ಕೆಂಪು ಪಟಗ ಗೂಟದ ಮೇಲೆ ಬಣ್ಣ ಬಿಡುತ್ತ ಕೂತಿತ್ತು.

ಎಂಬತ್ತನೇ ಇಸವಿ ದಾಟಿದ ಮೇಲೆ ಉಡಚವ್ವನಿಗೆ ದಮ್ಮು ಹತ್ತಿತು. ಒಲೆಯ ಹೊಗೆ ಕುಡಿದ ಎದೆ, ಊದುಗೊಳವೆಯಂತೆ ಸಿಳ್ಳು ಹಾಕುತ್ತಿತ್ತು. ಮಗಳು ಶಿಗ್ಗಾಂವಿಯಿಂದ ಬಂದು ದವಾಖಾನೆಗೆ ಒಯ್ದಳು, ಗುಳಿಗೆ ಕೊಡಿಸಿದಳು. ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಆಕೆ ಹೊರಸು ಹಿಡಿದಳು. ಆ ವರ್ಷವೂ ಮಂಜವ್ವ ಬಿಲ್ಲು ತೂಗಿದಳು, ತುಂಡು ಇಟ್ಟಳು. ಉಡಚವ್ವ ಹೊರಸಿನ ಮೇಲೆ ಮಲಗಿ ಅದನ್ನೇ ನೋಡುತ್ತಿದ್ದಳು. ಏಣಿ ಮೂಲೆಯಲ್ಲಿತ್ತು. ಏಳಲು ಉಸಿರಿರಲಿಲ್ಲ.

ಮೀಸೆ ಇಳಿಯಿತು. ಮಂಜವ್ವ ದಿನಾ ಬೆಳಿಗ್ಗೆ ತಲೆಯೆತ್ತಿ ನೋಡುವಳು. ಕಡೆಗೆ ಅವಳೇ ಇಳಿಸಿ ಕೆಂಡಕ್ಕೆ ಹಿಡಿದಳು. ಒಂದು ತುದಿ ಕರಿಯಾಗಿ ಸುಟ್ಟು ಸೀಳಿಹೋಯಿತು. ಮಾರೆಪ್ಪ ಇನ್ನೊಂದು ಕೆತ್ತಿಕೊಟ್ಟ. ಅದನ್ನು ಉಗಿಯಲ್ಲಿ ಬಾಗಿಸಿ ತೂಗಿದಳು. ಎರಡು ದಿನದಲ್ಲಿ ಅದೂ ಸೊರಗತೊಡಗಿತು. ಆ ವರ್ಷ ಗಾಳಿಯಲ್ಲಿ ಅಷ್ಟು ಹಸಿ ಇತ್ತು. ಬನ್ನಿ ಹಬ್ಬ ಮುಂದಿನ ವಾರ.

"ಯಾಕೋ ಈ ವರ್ಷ ಮಂಜವ್ವನ ಕೈ ತಪ್ಪೇತಿ," ಅಂದ ಮಾರೆಪ್ಪ, ಹೆಂಡತಿಯ ಹೊರಸಿನ ಪಕ್ಕ ಕೂತು.

ಉಡಚವ್ವ ನಕ್ಕಳು. ನಗು ಕೆಮ್ಮಾಯಿತು.

ಮುಂದಿನದನ್ನು ಕೇರಿಯೆಲ್ಲ ಕಂಡಿದೆ, ಯಾಕೆಂದರೆ ಅದು ಬೆಳಗಿನ ಹೊತ್ತು, ಎಲ್ಲರೂ ಬಾಗಿಲಲ್ಲಿದ್ದರು. ಮಂಜವ್ವ ತನ್ನ ಮನೆಯಿಂದ ಹೊರಬಿದ್ದು, ಗೋಡೆಯ ಮೇಲಿಂದಲ್ಲ, ಮುಂಬಾಗಿಲಿನಿಂದ ಉಡಚವ್ವನ ಮನೆಗೆ ಬಂದಳು. ಹೊಸ್ತಿಲ ಹೊರಗೆ ನಿಂತಳು.

"ಅಕ್ಕಾ."

"ಯಾರು? ಬೆಕ್ಕೇನು?"

"ಏಳು. ಬಿಲ್ಲ ಕಾಯಸು ಬಾ."

"ಯಾವ ಬಿಲ್ಲು?" ಉಡಚವ್ವ ಮಾಳಿಗೆ ನೋಡುತ್ತಲೇ ಕೇಳಿದಳು.

"ಗೊತ್ತಿಲ್ಲದವರಂಗ ಆಡಬ್ಯಾಡ. ಹಬ್ಬ ಬಂತು."

"ಕಾಯಸು. ನಿನಗೂ ಕೈ ಅದಾವು. ಈ ಮನ್ಯಾಗ ಇಂಥಾ ಕೈ ಇದ್ದಿದ್ದಿಲ್ಲಂತಲ್ಲ."

ಮಂಜವ್ವನ ಮುಖ ಕೆಂಪಾಯಿತು. ಆ ಮಾತು ಇಷ್ಟು ವರ್ಷ ಹೊರಸಿನ ಕೆಳಗೆ ಕಾದು ಕೂತಿತ್ತೆಂದು ಅವಳಿಗೆ ಆಗ ತಿಳಿಯಿತೋ ಏನೋ. ಮೆಲ್ಲಗೆ ಅಂದಳು, "ನನಗ ಬರಂಗಿಲ್ಲ."

"ಕೇಳ್ಸಲಿಲ್ಲ."

"ನನಗ ಬರಂಗಿಲ್ಲ ಅಂದೆ."

"ನನ್ನ ಕಿವಿ ಮಂದ. ಓಣಿಗೆ ಕೇಳೂಹಂಗ ಅನ್ನು."

ಓಣಿಯಲ್ಲಿ ಗೌಸಬಿ ಕಸಬರಿಗೆ ಹಿಡಿದು ನಿಂತಿದ್ದಳು. ಕಟ್ಟೆಯ ಮೇಲೆ ಚೌಡಪ್ಪ, ಬೇವಿನ ಕಡ್ಡಿ ಬಾಯಲ್ಲಿ. ಮಂಜವ್ವ ಒಮ್ಮೆ ಎಲ್ಲರ ಕಡೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆ ಸಣ್ಣ ದನಿ ಎಲ್ಲಿತ್ತೋ, ಕೇರಿಯ ಕೋಳಿಗಳು ಹಾರುವಂತೆ ಕೂಗಿದಳು.

"ನನಗ ಬರಂಗಿಲ್ಲಾ! ಉಗಿ ನಂದು, ಕೆಂಡ ಆಕೀದು! ಬಾಳಿಕಂಬ ತೂರಿದ್ದು ಆಕೀ ಕೈ! ಎಲ್ಲಾ ವರ್ಷಾ ಆಕೀದ! ಸಾಕೇನ? ಹೊಟ್ಟಿ ತಣ್ಣಗಾತೇನ ನಿಂದು?"

ಚೌಡಪ್ಪನ ಬಾಯಿಂದ ಬೇವಿನ ಕಡ್ಡಿ ಬಿತ್ತು. ಗೌಸಬಿ, "ಯಾ ಅಲ್ಲಾ," ಎಂದು ಕಸಬರಿಗೆ ಎದೆಗೆ ಒತ್ತಿಕೊಂಡಳು. ಮಾರೆಪ್ಪ ಹೆಂಡತಿಯನ್ನು ನೋಡಿದ, ತೊಲೆಯ ಬಿಲ್ಲು ನೋಡಿದ, ಆಕೆಯ ಕೆನ್ನೆಯ ಕಂದು ಕಲೆ ಮೊದಲ ಸಲ ಕಂಡವನಂತೆ ಬಾಯಿ ತೆರೆದು ನಿಂತುಬಿಟ್ಟ.

"ಬಾಯಿ ಮುಚ್ಚರಿ, ನೊಣ ಹೊಕ್ಕೀತು," ಅಂದಳು ಉಡಚವ್ವ. ಆಮೇಲೆ ಹೊರಸಿನ ಅಂಚಿಗೆ ಕಾಲು ಇಳಿಬಿಟ್ಟಳು.

ಮಾರೆಪ್ಪ ಎಬ್ಬಿಸಲು ಹೋದ. "ಇಲ್ಲೇ ಕುಂತು ಕಾಯಸು, ಬಿಲ್ಲ ಇಲ್ಲಿಗೆ ತರ್ತೇನಿ."

"ಬ್ಯಾಡ. ಹಳೇ ಬಿಲ್ಲಿನ ಬೆಂಕಿ ಆ ಒಲಿಯಾಗ ಐತಿ. ಆಕಿ ಕರದಾಳ, ನಾ ಹೊಕ್ಕೇನಿ." ಹೊಸ್ತಿಲ ಕಡೆ ತಿರುಗಿ, "ಕರದೀ ಹೌದಲ್ಲೋ?" ಅಂದಳು.

"ಕರದೆ, ಕರದೆ. ಬಾರವ್ವಾ."

ಆ ಬಿಲ್ಲು ಕಾಯಿಸಿದ ಮೇಲೆ ಉಡಚವ್ವನಿಗೆ ಉಸಿರು ಹತ್ತಿ, ಮಂಜವ್ವ ಆಕೆಯನ್ನು ತನ್ನ ಒಲೆಯ ಮಗ್ಗುಲಲ್ಲೇ ಮಲಗಿಸಿಕೊಂಡಳು. ಹಬ್ಬದ ಅಂಬು ನಟ್ಟ ಸುದ್ದಿಯನ್ನು ಆಕೆ ಕೇಳಿದ್ದು ಅಲ್ಲೇ, ಎರಡು ದಿನ ಬಿಟ್ಟು ಕಣ್ಣು ಮುಚ್ಚಿದ್ದೂ ಅಲ್ಲೇ. ಅಲ್ಲಿದ್ದಷ್ಟು ದಿನವೂ ಮಂಜವ್ವನ ಬೇಳೆಗೆ ಉಪ್ಪು ಹೆಚ್ಚೆಂದು ಬೈದಳಂತೆ. ತನ್ನ ಮನೆಗೆ ಆಕೆ ತಿರುಗಿ ಬರಲಿಲ್ಲ. ಅದು ಆಮೇಲಿನ ಮಾತು. ಕೇರಿಯವರು ಇವತ್ತಿಗೂ ಹೇಳುವುದು ಆ ಬೆಳಿಗ್ಗೆ ಆಕೆ ಹೊರಬಿದ್ದ ರೀತಿಯನ್ನು.

ಎದ್ದು ನಿಂತವಳು ಗೂಟದ ಕಡೆ ಕೈ ತೋರಿದಳು. "ಅದನ್ನ ಕೊಡ್ರಿ."

ಮಾರೆಪ್ಪನಿಗೆ ತಿಳಿಯಲಿಲ್ಲ. "ಏನು, ಕಂಬಳೀನ?"

"ಪಟಗ."

ಅವನು ಬಣ್ಣಗೆಟ್ಟ ಕೆಂಪು ಪಟಗ ಇಳಿಸಿದ, ಧೂಳು ಝಾಡಿಸಿದ. ಕೊಡಲು ಹೋದವನು ಏನೋ ನೆನೆದು, ಕೊಡದೆ, ತಾನೇ ಆಕೆಯ ತಲೆಗೆ ಸುತ್ತಿದ. ಸುತ್ತಲು ಬಾರದೆ ಎರಡು ಸಲ ಬಿಚ್ಚಿದ. "ಬಿಗೀರಿ, ಬಿಚ್ಚೀತು," ಎಂದು ಆಕೆ ಗದರಿದಳು. ಮೂರನೆಯ ಸಲ ನಿಂತಿತು. ಉಡಚವ್ವ ಹಂಡೆಯ ನೀರಿನಲ್ಲಿ ಒಮ್ಮೆ ಬಗ್ಗಿ ನೋಡಿದಳು. ಮಂಜವ್ವನ ಹೆಗಲ ಮೇಲೆ ಕೈಯೂರಿದಳು, ಭಾರ ಹಾಕಲೇಬೇಕಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಹಾಕಿ.

"ಏನ್ ಗೌಡ್ರ, ಎಲ್ಲಿಗೆ ಹೊಂಟ್ರಿ?" ಓಣಿಯಿಂದ ಗೌಸಬಿ ಕೇಳಿದಳು.

"ಆಚಿ ಮನಿಗೆ," ಅಂದಳು ಉಡಚವ್ವ. "ಏನೂ ಬರಂಗಿಲ್ಲಂತವ್ವಾ ಆಕೀಗೆ, ಪಾಪ."

ಹಾಗೆನ್ನುತ್ತ ಹೊಸ್ತಿಲು ದಾಟಿ, ಕಟ್ಟೆ ಇಳಿದು, ಓಣಿಯೆಲ್ಲ ಕಾಣುವಂತೆ ನಿಧಾನಕ್ಕೆ ನಡೆದು ಹೋದಳು.